ಟವೆಲ್ ತೊಳೆದ ನೀರು

ಬೆಳಕು ಹರಿಯುವ ಹೊತ್ತಿಗೆ ಸುದ್ದಗುಂಟೆಪಾಳ್ಯದ ರುದ್ರಮ್ಮ ಒಗೆಯುವ ಕಲ್ಲಿನ ಮುಂದೆ ನಿಂತಿದ್ದಾರೆ. ಪಕ್ಕದಲ್ಲಿ ಟವೆಲ್‌ಗಳ ರಾಶಿ. ಒಂದನ್ನು ಅದ್ದಿದರೆ ಬಕೆಟ್ಟಿನ ನೀರು ಕಪ್ಪಾಗುತ್ತದೆ, ಇನ್ನೊಂದನ್ನು ಅದ್ದಿದರೆ ಕೆಂಪಗೆ. ಮೂಗಿಗೆ ಅಡರುವ ಘಾಟಿಗೆ ನಾನು ಹಿಂದೆ ಸರಿಯುತ್ತೇನೆ. ಅವರು ಸರಿಯುವ ಹಾಗಿಲ್ಲ.

ಬಿಟಿಎಂ ಲೇಔಟಿನ ಸಲೂನ್‌ಗಳ ಟವೆಲ್ ಒಗೆದುಕೊಡುವುದು ಇವರ ಕೆಲಸ, ದಿನಕ್ಕೆ ನೂರರ ಮೇಲೆ. ನಾವೆಲ್ಲ ಕೂದಲಿಗೆ ಬಣ್ಣ ಹಚ್ಚಿಸಿಕೊಂಡು, ಗುಂಗುರನ್ನು ನೆಟ್ಟಗೆ ಮಾಡಿಸಿಕೊಂಡು, ಕನ್ನಡಿ ನೋಡಿ ಹಿಗ್ಗಿ ಎದ್ದು ಬರುತ್ತೇವೆ. ತಲೆ ಒರೆಸಿದ ಟವೆಲ್ ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ. ಗಂಡ ತೀರಿಕೊಂಡ ಮೇಲೆ ಮಗ ದೇವರಾಜ್‌ನನ್ನು ಓದಿಸಿದ್ದು ಇದೇ ಟವೆಲ್‌ಗಳು.

ನೀರಿಗೆ ಪರದಾಡಿದ ಬೇಸಿಗೆಗಳನ್ನು ಕಂಡ ರುದ್ರಮ್ಮ ಜಾಲಿಸಿದ ನೀರನ್ನು ಎಂದೂ ದಂಡ ಮಾಡಿದವರಲ್ಲ. ಅದು ಅಂಗಳದ ಕರಿಬೇವಿನ ಬುಡಕ್ಕೆ ಹೋಗುತ್ತಿತ್ತು. ಆ ಗಿಡದ ಸೊಪ್ಪು ಇಡೀ ಬೀದಿಯ ಒಗ್ಗರಣೆಗೆ. ಸೊಸೆ ವನಿತಾಗೆ ಈಗ ಏಳು ತಿಂಗಳು. ಕರಿಬೇವಿನ ಚಟ್ನಿಪುಡಿ ಇಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ಅತ್ತೆಯೇ ಡಬ್ಬಿ ತುಂಬಿಸಿಡುತ್ತಿದ್ದರು.

ಹೋದ ತಿಂಗಳು ಟವೆಲ್ ಕೊಡಲು ಹೋದಾಗ ಸಲೂನಿನ ಪ್ರಿಯಾಂಕಾ ಗಿರಾಕಿಯ ತಲೆಗೆ ಕ್ರೀಮ್ ಹಚ್ಚುತ್ತಿದ್ದಳು. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್. ಬರಿಗೈಯಲ್ಲಿ ಮುಟ್ಟಬಾರದು ಆಂಟಿ, ಕೆಮಿಕಲ್ ಇದು ಎಂದಳಂತೆ.

"ಅವತ್ತಿಂದ ಅನ್ನ ಸೇರ್ತಿಲ್ಲ ಸಾರ್" ಎಂದು ರುದ್ರಮ್ಮ ದನಿ ತಗ್ಗಿಸುತ್ತಾರೆ. "ಮುಟ್ಟಬಾರ್ದು ಅನ್ನೋದನ್ನ ಗಿಡಕ್ಕೆ ಕುಡಿಸಿ, ಬಸುರಿ ಹುಡ್ಗಿಗೆ ತಿನ್ನಿಸಿದ್ದೀನಿ."

ರುದ್ರಮ್ಮ ಸಲೂನ್ ಮಾಲೀಕರನ್ನು ಕೇಳಿದರೆ ಡಬ್ಬಿಯ ಮೇಲೆ ಹರ್ಬಲ್ ಅಂತ ಇದೆಯಲ್ಲ ಎಂದರು. ಸ್ಕ್ಯಾನಿಂಗ್ ಸರಿಯಾಗಿದೆ ಎಂದ ಡಾಕ್ಟರು, ಸೊಪ್ಪಿನ ವಿಷಯ ಖಚಿತವಾಗಿ ಹೇಳಲಾಗದು, ಇನ್ನು ತಿನ್ನುವುದು ಬೇಡ ಎಂದರು. ವನಿತಾ ಅತ್ತೆಯನ್ನು ಬೈಯಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಬೈದಿದ್ದರೇ ವಾಸಿಯಿತ್ತು ಎನ್ನುತ್ತಾರೆ ರುದ್ರಮ್ಮ. ಅಂದು ಸಂಜೆಯೇ ಬೀದಿಯ ಒಂದೊಂದು ಮನೆಗೂ ಹೋಗಿ ಸೊಪ್ಪು ಕೀಳಬೇಡಿ ಎಂದು ಹೇಳಿ ಬಂದರು. ಗಿಡ ಮಾತ್ರ ಏನೂ ಆಗದ ಹಾಗೆ ಸೊಂಪಾಗಿ ನಿಂತಿದೆ, ಅದನ್ನು ನೋಡಿದರೇ ಅವರಿಗೆ ಭಯವಾಗುತ್ತದೆ.

ಈಗ ನೀರು ಮೋರಿಗೆ. ಅದರಲ್ಲೂ ಸಮಾಧಾನವಿಲ್ಲ, ಮೋರಿ ಮುಂದೆ ಯಾವುದೋ ಕೆರೆ ಸೇರಿ, ಅಲ್ಲಿಂದ ಯಾರದೋ ತೋಟದ ಸೊಪ್ಪಿಗೆ ಹರಿಯುತ್ತದಲ್ಲ. ಕೆಲಸ ಬಿಟ್ಟುಬಿಡು ಎಂದು ಮಗ ಗೋಗರೆಯುತ್ತಾನೆ. ತಾನು ಬಿಟ್ಟರೆ ಇನ್ನೊಬ್ಬಳು ಒಗೆಯುತ್ತಾಳೆ, ಅವಳ ಅಂಗಳದಲ್ಲೂ ಒಂದು ಗಿಡ ಇರುತ್ತದೆ ಎಂಬುದು ತಾಯಿಯ ಚಿಂತೆ.

ಏನಾಗಬೇಕು ನಿಮಗೆ ಎಂದು ಕೇಳಿದೆ.

"ಈ ನೀರು ಎಲ್ಲಿ ಚೆಲ್ಬೇಕು ಅಂತ ತಿಳ್ದೋರು ಯಾರಾದ್ರೂ ಹೇಳ್ಲಿ ಸಾರ್. ಎಷ್ಟು ದೂರ ಆದ್ರೂ ಸರಿ, ನಾನೇ ಹೊತ್ಕೊಂಡ್ ಹೋಗ್ತೀನಿ."