ಪಾಪ ಅನ್ನಿಸಿಕೊಂಡವಳ ಪ್ರತಿವಾದ

ಕನ್ನಡದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಸ್ತು ಮಾಡುವ ಪದ ಯಾವುದು ಎಂದು ಯಾರಾದರೂ ಕೇಳಿದರೆ ತಡಮಾಡದೆ ಹೇಳುತ್ತೇನೆ: ಪಾಪ. ಒತ್ತಕ್ಷರವಿಲ್ಲ, ನಾಲಿಗೆಗೆ ಕೆಲಸವಿಲ್ಲ, ತುಟಿ ಮುಚ್ಚಿ ತೆರೆದರೆ ಆಯಿತು. ಹೇಳುವವರಿಗೆ ಇಷ್ಟು ಹಗುರಾದ ಪದ ಕೇಳಿಸಿಕೊಳ್ಳುವವರಿಗೆ ಯಾಕಿಷ್ಟು ಭಾರವಾಗಬೇಕು ಎಂಬುದು ನನ್ನ ತಕರಾರು. ಮೊನ್ನೆ ಮೈಸೂರಿನ ಬೋಗಾದಿಯ ನಮ್ಮ ಮನೆ ಎದುರಿನ ತರಕಾರಿ ಅಂಗಡಿಯಲ್ಲಿ ಕೀರೆ ಸೊಪ್ಪನ್ನು ತೋರಿಸಿ ದಂಟು ಕೊಡಿ ಎಂದೆ. ಅಂಗಡಿಯಾಕೆ ನನ್ನನ್ನು ತಿದ್ದಲಿಲ್ಲ. ಪಕ್ಕದಲ್ಲಿದ್ದವರ ಕಡೆ ತಿರುಗಿ, "ಫಾರಿನ್ನಲ್ಲಿ ಹುಟ್ಟಿರೋದು, ಪಾಪ" ಎಂದರು. ಕೀರೆಗೂ ದಂಟಿಗೂ ವ್ಯತ್ಯಾಸ ತಿಳಿಯದವರು ಈ ಊರಿನಲ್ಲೇ ಹುಟ್ಟಿದವರಲ್ಲೂ ಬೇಕಾದಷ್ಟಿದ್ದಾರೆ. ಅವರಿಗೆ "ಕಣ್ ಕಾಣಲ್ವಾ" ಎಂಬ ಮರ್ಯಾದೆ ಸಿಗುತ್ತದೆ. ನನಗೆ ಇಷ್ಟು ವರ್ಷವಾದ ಮೇಲೂ ಅದೇ ಪಾಪ. ವಾದ ಮಾಡೋಣವೆಂದರೆ, ಕರುಣೆಯ ವಿರುದ್ಧ ವಾದ ಮಾಡುವವಳು ಯಾವ ಸಭೆಯಲ್ಲೂ ಗೆದ್ದದ್ದಿಲ್ಲ.

ಹಿನ್ನೆಲೆ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ನ್ಯೂಜಿಲೆಂಡಿನ ಒಂದು ಸಣ್ಣ ಊರಿನಲ್ಲಿ. ಅಪ್ಪ ಅಲ್ಲಿ ಹಾಲಿನ ಪುಡಿ ಮಾಡುವ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದರು. ಮನುಷ್ಯರಿಗಿಂತ ಹಸುಗಳೇ ಹೆಚ್ಚಿದ್ದ ಆ ಊರಿನಲ್ಲಿ ಕನ್ನಡ ಮಾತಾಡುತ್ತಿದ್ದ ಜನಸಂಖ್ಯೆ ಎಂದರೆ ಅಪ್ಪ, ಅಮ್ಮ, ನಾನು. ನನಗೆ ಹದಿನಾಲ್ಕಾಗುವ ಹೊತ್ತಿಗೆ ಅಪ್ಪನಿಗೆ ಚಳಿ ಸಾಕಾಯಿತು, ಅಮ್ಮನಿಗೆ ಕರಿಬೇವಿಲ್ಲದ ಒಗ್ಗರಣೆ ಸಾಕಾಯಿತು. ಇಬ್ಬರೂ ಮೈಸೂರಿಗೆ ವಾಪಸ್ಸಾದರು. ಕ್ರಿಯಾಪದವನ್ನು ದಯವಿಟ್ಟು ಗಮನಿಸಿ. ವಾಪಸ್ಸಾದವರು ಅವರಿಬ್ಬರು. ನಾನು ವಲಸೆ ಬಂದವಳು. ವಿಮಾನ ಒಂದೇ, ಸೀಟುಗಳು ಅಕ್ಕಪಕ್ಕದವೇ, ಪ್ರಯಾಣ ಮಾತ್ರ ಬೇರೆ ಬೇರೆ. ನೆಂಟರು ಒಬ್ಬೊಬ್ಬರಾಗಿ ಬಂದು ಗಲ್ಲ ಹಿಡಿದು, "ಅಂತೂ ವಾಪಸ್ ಬಂದ್ಬುಟ್ಯಲ್ಲ ಪುಟ್ಟಿ" ಎನ್ನುವಾಗ ನಾನು, "ವಾಪಸ್ ಬರ್ಬೇಕಾದ್ರೆ ಮೊದಲು ಇಲ್ಲಿಂದ ಹೋಗಿರ್ಬೇಕಲ್ವಾ?" ಎಂದು ಕೇಳುತ್ತಿದ್ದೆ. ಅಮ್ಮ ಹಿಂದಿನಿಂದ ಚಿವುಟುತ್ತಿದ್ದಳು.

ಈ ಕೇಳುವ ಚಟ ಅಂಟಿಸಿಕೊಂಡದ್ದು ಅಲ್ಲಿಯ ಶಾಲೆಯಲ್ಲಿ. ಗಣಿತವಾಗಲಿ ಈಜಾಗಲಿ ನನಗೆ ಹತ್ತಲಿಲ್ಲ, ಹತ್ತಿದ್ದು ಚರ್ಚೆ. ಅಲ್ಲಿ ಕಲಿಸಿದ ಮೊದಲ ಪಾಠ ಇದು: ಎದುರಾಳಿ ನಿಮ್ಮ ಮಾತನ್ನು ಚಿಂದಿ ಮಾಡಲು ಎದ್ದು ನಿಂತರೆ ಅದು ಅವಮಾನವಲ್ಲ, ಗೌರವ. ಕೆಡವಲು ಯೋಗ್ಯವಾದದ್ದನ್ನು ಮಾತ್ರ ಜನ ಮೈಬಗ್ಗಿಸಿ ಕೆಡವುತ್ತಾರೆ. ಬೋಗಾದಿಯ ಹತ್ತಿರದ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ಸೇರಿದಾಗ ನನಗಿದ್ದ ಆಸೆ ಒಂದೇ. ಇಲ್ಲೂ ಒಬ್ಬ ಎದುರಾಳಿ ಸಿಗಬೇಕು.

ಆದರೆ ಎದುರಾಳಿ ಸಿಗುವ ಮೊದಲು ಭಾಷೆ ಸಿಗಬೇಕಲ್ಲ. ನನ್ನ ಕನ್ನಡ ಮೂರು ಜನರ ಕನ್ನಡ. ಮೂರು ಜನರಿಂದ ಒಂದು ಭಾಷೆಯ ವ್ಯಾಕರಣವನ್ನು ಊಹಿಸುವುದು ಎಂದರೆ ಒಂದು ತುತ್ತು ಅನ್ನ ತಿಂದು ಮದುವೆ ಯಾರದ್ದೆಂದು ಹೇಳಿದ ಹಾಗೆ. ಅಮ್ಮ ನನಗೆ ಬೈಯುವಾಗ "ಏನೇ" ಎನ್ನುತ್ತಿದ್ದಳು, ಅಪ್ಪನಿಗೆ ಬೈಯುವಾಗ "ಏನ್ರೀ" ಎನ್ನುತ್ತಿದ್ದಳು. ಇದರಿಂದ ನಾನು ತೆಗೆದ ಸೂತ್ರ: ಹೆಂಗಸರನ್ನು ಏಕವಚನದಲ್ಲೂ ಗಂಡಸರನ್ನು 'ರೀ' ಎಂದೂ ಕರೆಯತಕ್ಕದ್ದು. ತರ್ಕದಲ್ಲಿ ಒಂದು ಎಳೆಯಷ್ಟೂ ದೋಷವಿಲ್ಲ. ಆ ಸೂತ್ರ ಹಿಡಿದುಕೊಂಡೇ ಶಾಲೆಗೆ ಸೇರಿದ ಮೊದಲ ವಾರದಲ್ಲಿ, ಕಿಟಕಿ ಪಕ್ಕ ಕೂತಿದ್ದ ಚೇತನ್ ಎಂಬ ಹುಡುಗನ ಕಡೆ ತಿರುಗಿ, ಅಡುಗೆಮನೆಯಿಂದ ಅಮ್ಮ ಅಪ್ಪನನ್ನು ಕರೆಯುವ ರಾಗವನ್ನೂ ಸೇರಿಸಿ, "ಏನ್ರೀ, ಸ್ವಲ್ಪ ಡಸ್ಟರ್ ಕೊಡ್ತೀರಾ?" ಎಂದೆ.

ಹಿಂದಿನ ಬೆಂಚಿನಿಂದ ಯಾರೋ, "ಲೇ ಚೇತ, ಮನೇವ್ರು ಕರೀತಾವ್ರೆ, ಹೋಗೋ" ಎಂದರು. ಆಮೇಲಿನ ನಗೆಗೆ ಕಿಟಕಿಯ ಗಾಜು ಉಳಿದದ್ದೇ ಹೆಚ್ಚು. ಆ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸುವ ತನಕ 'ಯಜಮಾನ್ರು' ಆಗಿಯೇ ಇದ್ದ. ನಿಜ ಹೇಳಬೇಕೆಂದರೆ ಆ ನಗುವಿನಿಂದ ನನಗೆ ಬೇಸರವಾಗಲಿಲ್ಲ. ನಗುವವರು ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಅಷ್ಟರಲ್ಲಿ ಕನ್ನಡದ ನಾಗರತ್ನ ಮೇಡಂ ಬಾಗಿಲಲ್ಲಿ ನಿಂತು "ಏನ್ರೋ ಅದು ಗಲಾಟೆ?" ಎಂದರು. ನಾನು ಶಿಸ್ತಾಗಿ ಎದ್ದು ನಿಂತು, "ನೀನು ಬರೋಕ್ ಮುಂಚೆ ಏನಾಯ್ತು ಅಂದ್ರೆ ಮೇಡಂ" ಎಂದು ಶುರುಮಾಡಿದೆ. ಸೂತ್ರದ ಎರಡನೇ ಭಾಗ. ಮತ್ತೆ ನಗು. ಮೇಡಂ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಹೇಳಿದರು: "ನಗ್ಬೇಡಿ. ಪಾಪ, ಹೊರಗಡೆಯಿಂದ ಬಂದಿದೆ ಮಗು."

ಒಂದೇ ವಾಕ್ಯದಲ್ಲಿ ನಾನು ಪಾಪಿಯೂ ಪರಕೀಯಳೂ ನಪುಂಸಕಲಿಂಗವೂ ಆಗಿಹೋದೆ.

ಅಂದಿನಿಂದ ಶುರುವಾಯಿತು ನೋಡಿ ಪಾಪದ ಆಡಳಿತ. ನಗು ನಿಂತಿತು. ನಗುವಿನ ಜೊತೆ ಮಾತೂ ನಿಂತಿತು. ತಮ್ಮತಮ್ಮಲ್ಲಿ "ನೀರ್ ಕುಡ್ದ್ಬುಟ್ಟು ಬಾರೇ ಬೇಗ" ಎನ್ನುತ್ತಿದ್ದ ಹುಡುಗಿಯರು ನನ್ನ ಕಡೆ ತಿರುಗಿದ ಕೂಡಲೇ ಪಠ್ಯಪುಸ್ತಕವಾಗುತ್ತಿದ್ದರು. "ನೀನು ನೀರು ಕುಡಿಯುತ್ತೀಯಾ?" ಪ್ರತಿ ಅಕ್ಷರವನ್ನೂ ಬಿಡಿಸಿ, ಕಿವುಡರಿಗೆ ಹೇಳುವಷ್ಟು ಗಟ್ಟಿಯಾಗಿ. ಬಾಯಾರಿಕೆ ಆಗಿದ್ದರೂ ಆ ಪ್ರಶ್ನೆಯ ಗಾಂಭೀರ್ಯ ನೋಡಿ ಕುಡಿಯಲು ಹೆದರಿಕೆಯಾಗುತ್ತಿತ್ತು. ಹೋಂವರ್ಕ್ ಮಾಡದ ಎಲ್ಲರನ್ನೂ ಹೊರಗೆ ನಿಲ್ಲಿಸಿದರೆ ನನ್ನನ್ನು ಒಳಗೇ ಬಿಡುತ್ತಿದ್ದರು. ಹೊರಗೆ ನಿಂತವರು ಬೇವಿನ ಮರದ ಕೆಳಗೆ ಹರಟುತ್ತಿದ್ದರು, ನಾನು ಖಾಲಿ ಬೆಂಚುಗಳ ನಡುವೆ ಕರುಣೆಯನ್ನು ಅನುಭವಿಸುತ್ತಿದ್ದೆ. ಮನೆಗೆ ಬರುವಷ್ಟರಲ್ಲಿ ದವಡೆ ನೋಯುತ್ತಿತ್ತು. ಅಮ್ಮ ಅದು ಳಕಾರ ಣಕಾರಗಳ ಅಭ್ಯಾಸವಿಲ್ಲದ್ದಕ್ಕೆ ಎಂದುಕೊಂಡಿದ್ದಳು. ಅಲ್ಲ. ದಿನವಿಡೀ ಕೃತಜ್ಞತೆಯಿಂದ ನಗುತ್ತಿದ್ದದ್ದಕ್ಕೆ.

ಈ ಪದದ ಹುಳುಕನ್ನು ನಾನು ತುಂಬ ಯೋಚಿಸಿದ್ದೇನೆ. ಬೇರೆ ವಾಕ್ಯದಲ್ಲಿ ಪಾಪ ಎಂದರೆ ಮಾಡಬಾರದ್ದನ್ನು ಮಾಡಿದ್ದು, ನರಕಕ್ಕೆ ಟಿಕೆಟ್ಟು. ಅದೇ ಪದ ಅಯ್ಯೋ ಅನ್ನುವ ಕಡೆಗೆ ಹೇಗೆ ಬಂತು? ಪಂಡಿತರು ಏನು ಹೇಳುತ್ತಾರೋ ತಿಳಿಯದು, ನನ್ನ ಊಹೆ ಇಷ್ಟು. ಯಾರಾದರೂ ಕಷ್ಟದಲ್ಲಿದ್ದರೆ ಏನೋ ಮಾಡಿರಬೇಕು ಎಂದು ತೀರ್ಮಾನಿಸಿ, ಆ ತೀರ್ಪನ್ನೇ ಸ್ವಲ್ಪ ಎಳೆದು ಮೆತ್ತಗೆ ಹೇಳಿದರೆ ಅದು ಕರುಣೆ. ವಿಚಾರಣೆ ಇಲ್ಲದೆ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ. ಇನ್ನೊಂದು ವಿಚಿತ್ರ ನೋಡಿ. ಈ ಊರಿನ ಮಾತಿನಲ್ಲಿ ಹೊರಗಿನಿಂದ ಬಂದವರು ನಾನೊಬ್ಬಳೇ ಅಲ್ಲ. ಕುರ್ಚಿ, ಕಚೇರಿ, ಅರ್ಜಿ ಎಲ್ಲ ಎಲ್ಲಿಂದಲೋ ಬಂದವು. ಬಸ್, ಕಾರ್, ಸ್ಕೂಲ್ ಬಂದು ಬಾಲಕ್ಕೊಂದು ಉಕಾರ ಅಂಟಿಸಿಕೊಂಡು ಬಸ್ಸು, ಕಾರು, ಸ್ಕೂಲು ಆಗಿ ಕಾಲು ಚಾಚಿ ಕೂತವು. ದೇವರಾಜ ಮೊಹಲ್ಲಾ ಎಂಬ ಬಡಾವಣೆಯ 'ಮೊಹಲ್ಲಾ' ಅಂತೂ ಉಕಾರದ ಶಿಷ್ಟಾಚಾರವನ್ನೂ ಪಾಲಿಸದೆ ದೇವರಾಜರ ಪಕ್ಕದಲ್ಲೇ ಜಾಗ ಹಿಡಿಯಿತು. ಇವ್ಯಾವುದಕ್ಕೂ ಯಾರೂ ಪಾಪ ಎಂದದ್ದನ್ನು ನಾನು ಕೇಳಿಲ್ಲ. ಪದಗಳಿಗೆ ಸಿಕ್ಕ ಪೌರತ್ವ ಹುಡುಗಿಗೆ ಸಿಗಲು ಮಾತ್ರ ಏನೋ ಅಡ್ಡಿ.

ಮಾರನೇ ವರ್ಷ ಶಾಲೆಯಲ್ಲಿ ಕನ್ನಡ ಚರ್ಚಾಸ್ಪರ್ಧೆ ಬಂತು. ವಿಷಯ: ಮನೆಪಾಠ ಬೇಕೇ ಬೇಡವೇ. ಟ್ಯೂಷನ್ನಿಗೆ ಹೋಗದ ಮಗುವನ್ನು ಕಾಯಿಲೆಯ ಮಗುವಿನಂತೆ ನೋಡುವ ಊರಿನಲ್ಲಿ ನಾನು 'ಬೇಡ' ಎನ್ನುವ ಪಕ್ಷ ತೆಗೆದುಕೊಂಡೆ. ಎದುರು ಪಕ್ಷದಲ್ಲಿ ನಮ್ಮದೇ ತರಗತಿಯ ಭವ್ಯ. ಅವಳು ಮಾತಿಗೆ ನಿಂತರೆ ಹೆಡ್ ಮಾಸ್ತರೂ ಕುರ್ಚಿಯಲ್ಲಿ ಸರಿಯಾಗಿ ಕೂರುತ್ತಿದ್ದರು. ಇಷ್ಟು ದಿನ ಕಾದಿದ್ದ ಎದುರಾಳಿ ಇವಳೇ ಎಂದು ತೀರ್ಮಾನಿಸಿಬಿಟ್ಟೆ. ಅಮ್ಮನ ಎದುರು ನಿಂತು ಭಾಷಣ ಉರುಹೊಡೆದೆ.

ಅಂದು ಭವ್ಯ ನನಗಿಂತ ಮೊದಲು ಮಾತಾಡಿದ ಪ್ರತಿಯೊಬ್ಬರನ್ನೂ ಪ್ರಶ್ನೆ ಕೇಳಿ ಕೇಳಿ ಕೆಡವಿದಳು. ನನ್ನ ಸರದಿ ಬಂತು. ಭಾಷಣದ ನಡುವೆ ನಾನು, "ಪಾಠ ಅರ್ಥವಾಗದಿದ್ದರೆ ಮನೆಯಲ್ಲಿ ಅಪ್ಪ ಅಮ್ಮನನ್ನು ಕೇಳಬಹುದು" ಎಂದೆ. ಆ ವಾಕ್ಯದಲ್ಲಿ ಎಮ್ಮೆ ನುಗ್ಗುವಷ್ಟು ದೊಡ್ಡ ತೂತಿತ್ತು. ಹೇಳುತ್ತಿರುವಾಗಲೇ ನನಗೇ ಕಂಡಿತು. ಮುಗಿಸಿ, ಪ್ರಶ್ನೆಗೆ ಕಾಯುತ್ತ ಅವಳ ಕಡೆ ನೋಡಿದೆ. ಭವ್ಯ ಎದ್ದಳು. ತೀರ್ಪುಗಾರರಾಗಿದ್ದ ನಾಗರತ್ನ ಮೇಡಂ ಕಡೆ ಒಮ್ಮೆ ನೋಡಿದಳು. "ನನ್ನ ಪ್ರಶ್ನೆಗಳೇನೂ ಇಲ್ಲ" ಎಂದು ಕೂತಳು. ಸಭೆ ಚಪ್ಪಾಳೆ ತಟ್ಟಿತು, ನಡೆಯಲು ಕಲಿತ ಕೂಸಿಗೆ ತಟ್ಟುವ ಹಾಗೆ.

ಮೊದಲ ಬಹುಮಾನ ಭವ್ಯಳಿಗೆ ಬಂತು, ಬರಬೇಕಾದದ್ದೇ. ನನಗೆ ಸಮಾಧಾನಕರ ಬಹುಮಾನ. ವೇದಿಕೆಗೆ ಕರೆದು ಬಣ್ಣದ ಕಾಗದ ಸುತ್ತಿದ ಡಬ್ಬಿ ಕೊಡಲು ಬಂದರು. ನಾನು ಮೈಕಿನ ಹತ್ತಿರ ಹೋಗಿ, "ಕ್ಷಮಿಸಿ, ನನಗೆ ಸಮಾಧಾನ ಆಗಿಲ್ಲ. ಅದಕ್ಕೆ ಬಹುಮಾನ ಬೇಡ" ಎಂದೆ. ಚಮತ್ಕಾರ ಮಾಡುವ ಉದ್ದೇಶ ಇರಲಿಲ್ಲ, ಅಷ್ಟು ಕನ್ನಡವೂ ಇರಲಿಲ್ಲ. ಪದದ ಅರ್ಥ ನೋಡಿ ಉತ್ತರ ಕೊಟ್ಟೆ, ಅಷ್ಟೆ. ಮೇಡಂ ಮುಖ ಕೆಂಪಾಯಿತು. "ಏನೇ ಇದು ಅಧಿಕಪ್ರಸಂಗ? ಇಳಿ ಕೆಳಗೆ" ಎಂದರು. ಆ ಶಾಲೆಯಲ್ಲಿ ನಾನು ತಿಂದ ಮೊದಲ ಬೈಗುಳ. ಹಿತವಾಗಿತ್ತು, ಆದರೆ ಹೊಟ್ಟೆ ತುಂಬಲಿಲ್ಲ.

ಉಳಿದದ್ದನ್ನು ಬಡಿಸಲು ಭವ್ಯ ಸೈಕಲ್ ಸ್ಟ್ಯಾಂಡಿನ ಹತ್ತಿರ ಕಾಯುತ್ತಿದ್ದಳು.

"ಏನೇ, ಅಷ್ಟು ಜನದ್ ಮುಂದೆ ಬ್ಯಾಡ ಅಂದ್ಬುಟ್ಟು ಬತ್ತೀಯಲ್ಲ, ಎಷ್ಟೇ ಕೊಬ್ಬು ನಿಂಗೆ?"

"ನೀನ್ಯಾಕೆ ನನ್ನನ್ನ ಏನೂ ಕೇಳ್ಲಿಲ್ಲ?" ಎಂದೆ.

"ಮೇಡಂ ಮೊದ್ಲೇ ಯೋಳಿದ್ರು. ಅವಳನ್ನ ಬುಟ್ಬುಡು, ಪಾಪ ಅಂತ."

"ಪಾಪ ಅನ್ನಿಸ್ಕೊಂಡು ಅನ್ನಿಸ್ಕೊಂಡು ಎಷ್ಟು ಸುಸ್ತಾಗುತ್ತೆ ಗೊತ್ತಾ ನಿಂಗೆ?"

ಅವಳು ಬ್ಯಾಗನ್ನು ಕೆಳಗಿಟ್ಟಳು. ಚರ್ಚೆಯಲ್ಲಿ ಪಳಗಿದವರಿಗೆ ಗೊತ್ತು, ಎದುರಾಳಿ ಬ್ಯಾಗು ಕೆಳಗಿಟ್ಟರೆ ಒಳ್ಳೆಯ ಲಕ್ಷಣವಲ್ಲ.

"ಸುಸ್ತಾ? ನಾನು ಎಂಟ್ನೇ ಕ್ಲಾಸಿಗೆ ಕೋಟೆ ತಾಲ್ಲೂಕಿನ ಹಳ್ಳಿಯಿಂದ ಬಂದೆ ಕಣೇ ಇಲ್ಲಿಗೆ. ಅಂಗೆ, ಇಂಗೆ ಅಂದ್ರೆ ಇಡೀ ಕ್ಲಾಸು ನಗೋದು. ಹಾಲಿಗೆ ಆಲು ಅಂತಾಳೆ ಅಂತ ಆಡ್ಕೊಂಡಿದ್ದೇ ಆಡ್ಕೊಂಡಿದ್ದು. ಯಾರಾರ ಪಾಪ ಅಂದ್ರಾ? ಇದೇ ಮೇಡಂ, 'ನಾಲಿಗೆ ತಿದ್ಕೊ, ಇದು ನಿಮ್ಮೂರಲ್ಲ' ಅಂದ್ರು. ನ್ಯೂಜಿಲೆಂಡಿಂದ ಬಂದು ತಪ್ಪು ಮಾತಾಡಿದ್ರೆ ಪಾಪ. ಕೋಟೆಯಿಂದ ಬಂದು ಸರಿಯಾಗೇ ಮಾತಾಡಿದ್ರೂ ಗಮಾರಿ. ನಿಂಗೆ ಬ್ಯಾಡದೇ ಇದ್ರೆ ಆ ಪಾಪನ ಒಂಚೂರು ನಮ್ ಕಡೆ ಎಸಿ. ನಾವೂ ಒಂದಿನ ಸುಸ್ತಾಯ್ತೀವಿ."

ನಾನು ಕಲಿತ ವರಸೆಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದೆ. ಪದದ ವ್ಯಾಖ್ಯಾನವನ್ನು ಪ್ರಶ್ನಿಸುವುದು, ಉದಾಹರಣೆ ಒಂದೇ ಎನ್ನುವುದು, ವಿಷಯಾಂತರ ಎಂದು ಆಕ್ಷೇಪಿಸುವುದು. ಮೂರನೆಯದನ್ನು ಎತ್ತಿಕೊಂಡು, "ಅದು ಬೇರೆ ವಿಷಯ" ಎಂದೆ. ಸೋಲುತ್ತಿರುವ ಪಕ್ಷ ಲೋಕದ ಎಲ್ಲ ಭಾಷೆಗಳಲ್ಲೂ ಹೇಳುವ ಮಾತು ಅದು.

"ಯಾವ ಬೇರೆನೂ ಅಲ್ಲ. ಸರಿ, ಮನೆಪಾಠಕ್ಕೇ ಬತ್ತೀನಿ. ಅಪ್ಪ ಅಮ್ಮನ್ನ ಕೇಳ್ಬೌದು ಅಂದ್ಯಲ್ಲ? ನಮ್ಮಪ್ಪ ಬೋಗಾದೀಲಿ ನಿಮ್ಮಂಥೋರ ಮನೆಗೇ ಗಾರೆ ಕೆಲ್ಸ ಮಾಡೋದು. ಸಾಯಂಕಾಲ ಕುಂಬಾರಕೊಪ್ಪಲಿನ ಮನೆಗೆ ಬರೋ ಹೊತ್ಗೆ ಕೈ ಎತ್ತಕ್ಕಾಗಲ್ಲ ಅವ್ರಿಗೆ. ಅವ್ರನ್ನ ಕೂರಿಸ್ಕೊಂಡು ಬೀಜಗಣಿತ ಕೇಳ್ಲಾ?"

"ಇದನ್ನೇ ಸ್ಟೇಜ್ ಮೇಲೆ ಕೇಳ್ಬೇಕಿತ್ತು ನೀನು."

"ಈಗ ಕೇಳ್ತಾ ಇವ್ನಿ, ಯೋಳು."

ಕರುಣೆಗೂ ಒಂದು ಪಂಕ್ತಿ ಇರುತ್ತದೆ, ಅದನ್ನು ಬಡಿಸುವವರು ಎಲೆ ನೋಡಿಯೇ ಬಡಿಸುತ್ತಾರೆ ಎಂದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ. ನಾನು ಬೇಡ ಎಂದು ಮುಖ ತಿರುಗಿಸಿದ ಭಕ್ಷ್ಯ ಪಕ್ಕದ ಎಲೆಗೆ ಬಂದೇ ಇರಲಿಲ್ಲ. ಆದರೂ ಅಭ್ಯಾಸಬಲ ನೋಡಿ, "ಆದ್ರೆ ಭವ್ಯ" ಎಂದು ಬಾಯಿ ತೆರೆದೆ.

"ನಿಲ್ಲೇ, ನಂದಿನ್ನೂ ಮುಗ್ದಿಲ್ಲ" ಎಂದಳು.

ನಿಂತೆ. ಅವಳದು ಮುಗಿಯುವಷ್ಟರಲ್ಲಿ ಸೈಕಲ್ ಸ್ಟ್ಯಾಂಡು ಖಾಲಿಯಾಗಿತ್ತು. ಆಮೇಲೆ ನಾನು ಶುರುಮಾಡಿದೆ, ಅವಳು ಮಧ್ಯೆ ಬಾಯಿ ಹಾಕಿದಳು, ನಾನು ಕೂಗಿದೆ, ಅವಳು ನನಗಿಂತ ಜೋರಾಗಿ ಕೂಗಿದಳು. ನನ್ನ ವಿಭಕ್ತಿಗಳು ದಾರಿ ತಪ್ಪಿದಾಗೆಲ್ಲ "ಏನಂದೆ? ಸರಿಯಾಗ್ ಯೋಳು" ಎಂದು ಗದರಿದಳು. ಗದರಿದ ಮೇಲೆ ಸರಿಯಾಗಿಯೇ ಬರುತ್ತಿತ್ತು ಎಂಬುದು ನನಗೇ ಆಶ್ಚರ್ಯ.

ಮನೆಗೆ ಬರುವಷ್ಟರಲ್ಲಿ ಗಂಟಲು ಕಟ್ಟಿಹೋಗಿತ್ತು, ಕಾಲು ಸೋತಿತ್ತು. ಅಮ್ಮ ಬಿಸಿನೀರಿನ ಲೋಟ ಕೈಗಿಟ್ಟು, "ಯಾರ ಜೊತೆ ಜಗಳ ಆಡ್ಕೊಂಡು ಬಂದೆ?" ಎಂದಳು.

"ಭವ್ಯ ಅಂತ. ನಮ್ಮ ಕ್ಲಾಸು."

"ಗೆದ್ಯಾ?"

"ಇಲ್ಲಮ್ಮ, ಸೋತೆ" ಎಂದೆ. ಈ ಊರಿನ ಶಾಲೆಯಿಂದ ನಾನು ಮನೆಗೆ ತಂದ ಮೊದಲ ಸಂತೋಷದ ಸುದ್ದಿ ಅದು.