ಸೊನ್ನೆ ಅತ್ತಿಗೆಯ ಎರಡು ಸೊನ್ನೆಗಳು

ಬೀದಿಗೆಲ್ಲ ಸೊನ್ನೆ ಅತ್ತಿಗೆಯಾಗಿದ್ದ ಅವರು ತೀರಿಕೊಂಡಾಗ ಅವರಿಗೆ ಅರವತ್ತೊಂಬತ್ತು ವರ್ಷ. ಬಡಗಿಯ ಹೆಂಡತಿ, ಲಿಫ್ಟ್ ರಿಪೇರಿ ಮಾಡುವವನ ತಾಯಿ, ನರ್ಸ್ ಒಬ್ಬಳಿಗೆ ಅತ್ತೆ. ಹೆತ್ತವರಿಟ್ಟ ಹೆಸರು ಬ್ಯಾಂಕಿನವರಿಗಷ್ಟೇ ಗೊತ್ತಿತ್ತು. ಗಂಡನ ತಂಗಿ ಬಂದು ಮನೆಯಲ್ಲಿ ನೆಲೆಸಿ ಬಾಯ್ತುಂಬ ‘ಅತ್ತಿಗೆ’ ಎಂದು ಕೂಗತೊಡಗಿದ ಮೇಲೆ ತರಕಾರಿಯವನಿಗೂ ಅಂಚೆಯವಳಿಗೂ ಅವರು ಅತ್ತಿಗೆಯೇ ಆದರು. ‘ಸೊನ್ನೆ’ ಸೇರಿಕೊಂಡದ್ದು ಅವರ ಬಾಯಿಯ ದೆಸೆಯಿಂದ. ಯಾರು ಯಾವ ಅಳತೆ ಹೇಳಿದರೂ ಅವರ ಮರುಪ್ರಶ್ನೆ ಒಂದೇ: “ಯಾವ ಸೊನ್ನೆಯಿಂದ?”

ಬಡಗಿ ಸಾಯುವ ಮುನ್ನ ಊಟದ ಮೇಜಿನಷ್ಟು ಅಗಲದ ಒಂದು ಸಿಎನ್‌ಸಿ ಯಂತ್ರವನ್ನು ತಂದಿದ್ದ. ಕಂಪ್ಯೂಟರು ಹೇಳಿದಂತೆ ಎಡಬಲ, ಹಿಂದುಮುಂದು, ಮೇಲುಕೆಳಗು ಚಲಿಸಿ ಮರದಲ್ಲಿ ಅಕ್ಷರ ಕೊರೆಯುವ ಯಂತ್ರ ಅದು. ಅದರ ಪೆಟ್ಟಿಗೆ ಬಿಚ್ಚುವ ಭಾಗ್ಯ ಅವನಿಗಿರಲಿಲ್ಲ. ಅತ್ತಿಗೆ ಬಿಚ್ಚಿದರು. ಅದನ್ನು ಆಳುವ ತಂತ್ರಾಂಶವನ್ನು ಬೈದು, ಅದರಿಂದ ಬೈಸಿಕೊಂಡು, ಕೊನೆಗೆ ಅದಕ್ಕೆ ತಮ್ಮ ಭಾಷೆಯನ್ನೇ ಕಲಿಸಿದರು.

ಇಂಥ ಯಂತ್ರಕ್ಕೆ ಎರಡು ಸೊನ್ನೆಗಳಿರುತ್ತವೆ. ಒಂದು ಅದರದೇ ಮೂಲೆ. ಅಲ್ಲಿನ ಸ್ವಿಚ್ಚುಗಳನ್ನು ಮುಟ್ಟಿದ ಮೇಲೆಯೇ ತಾನೆಲ್ಲಿದ್ದೇನೆಂಬ ಅರಿವು ಅದಕ್ಕೆ ಬರುವುದು. ಇನ್ನೊಂದು, ಆಯಾ ಹಲಗೆಯ ಮೇಲೆ ಕೆಲಸ ಆರಂಭವಾಗುವ ಬಿಂದು. ಅತ್ತಿಗೆ ಮೊದಲನೆಯದನ್ನು ತವರು ಎಂದರು, ಎರಡನೆಯದನ್ನು ಗಂಡನ ಮನೆ. ಪರದೆಯ ಗುಂಡಿಗಳಿಗೂ ಅವೇ ಹೆಸರಿಟ್ಟರು: ‘ತವರಿಗೆ’, ‘ಗಂಡನ ಮನೆಗೆ’. ಮೂರನೆಯ ಗುಂಡಿ ‘ಇದೇ ಮನೆ’. ಅದನ್ನು ಒತ್ತಿದರೆ ಮರ ಕೊರೆಯುವ ಮೊನೆ ಎಲ್ಲಿ ನಿಂತಿದೆಯೋ ಅದೇ ಹೊಸ ಗಂಡನ ಮನೆಯಾಗುತ್ತದೆ.

“ಕೆಲಸವೆಲ್ಲ ಇರೋದು ಗಂಡನ ಮನೇಲಿ,” ಎಂದು ಅವರು ಗಿರಾಕಿಗಳಿಗೂ ವಿವರಿಸುತ್ತಿದ್ದರು. “ದಾರಿ ತಪ್ಪಿತೋ, ಮೊದಲು ತವರಿಗೆ ಬಂದು ನೆಟ್ಟಗಾಗಬೇಕು. ಆಮೇಲೆ ವಾಪಸ್ ಹೋಗ್ಬೇಕು. ಅಲ್ಲೇ ಕೂತ್ಕೊಂಡ್ರೆ ಯಂತ್ರ ಕೆಟ್ಟಿದೆ ಅಂತ ಅರ್ಥ.”

ನಗುತ್ತಲೇ ಹೇಳುತ್ತಿದ್ದ ಈ ಮಾತು ಬಾಗಿಲಾಚೆ ಕೂತ ನಾದಿನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತೆಂಬುದು ಅತ್ತಿಗೆಗೆ ಗೊತ್ತಿರಲಿಲ್ಲ. ನಾದಿನಿ ಗಂಡ ಸತ್ತ ಮೇಲೆ ಒಂದು ಪೆಟ್ಟಿಗೆ, ಒಂದು ಹೊಲಿಗೆ ಯಂತ್ರದೊಡನೆ ಅಣ್ಣನ ಮನೆಗೆ ಬಂದವಳು. ಅಣ್ಣ ಆಗಲೇ ಇರಲಿಲ್ಲ. ಅಣ್ಣನಿಲ್ಲದ ಮನೆ ತವರು ಹೌದೋ ಅಲ್ಲವೋ ಎಂಬುದನ್ನು ಅವಳು ಯಾರನ್ನೂ ಕೇಳಲಾರಳು. ಆದ್ದರಿಂದ ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡದೆ ಮಂಚದ ಕೆಳಗಿಟ್ಟು, ಪಕ್ಕದ ಕೋಣೆಯಲ್ಲಿ ರವಿಕೆ ಹೊಲಿಯುತ್ತ ದಿನ ತಳ್ಳುತ್ತಿದ್ದಳು.

ಅವಳು ಬಂದ ಕೆಲವೇ ವಾರಗಳಲ್ಲಿ ಯಂತ್ರಕ್ಕೆ ವಿಚಿತ್ರ ಕಾಯಿಲೆ ಹಿಡಿಯಿತು. ಚೆನ್ನಾಗಿ ಕೊರೆಯುತ್ತಿದ್ದದ್ದು ನಡುವಿನಲ್ಲಿ ಥಟ್ಟನೆ ನಿಲ್ಲುತ್ತಿತ್ತು. ಪರದೆಯ ಮೇಲೆ ‘ಸಂಪರ್ಕ ತಪ್ಪಿದೆ’ ಎಂದು ಕೆಂಪಕ್ಷರ.

“ಹೊಸ ಲ್ಯಾಪ್‌ಟಾಪ್ ತಗೊಳಮ್ಮ,” ಎಂದ ಮಗ.

“ಗಂಡ ಗೊರಕೆ ಹೊಡೆದ್ರೆ ಯಾರಾದ್ರೂ ಮಂಚ ಬದಲಾಯಿಸ್ತಾರೇನೋ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರಲ್ಲ ಅತ್ತಿಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಅವರ ಪದ್ಧತಿ. ಲ್ಯಾಪ್‌ಟಾಪ್ ತಾನಾಗಿ ನಿದ್ದೆಗೆ ಜಾರದಂತೆ ಮಾಡಿದರು; ಆದರೂ ನಿಂತಿತು. ಧೂಳು ಎಳೆಯುವ ಯಂತ್ರವನ್ನು ಆರಿಸಿ, ಧೂಳು ಕುಡಿಯುತ್ತಲೇ ಕೊರೆದರು, ಆದರೂ ನಿಂತಿತು. ಕೊನೆಗೊಂದು ಮಧ್ಯಾಹ್ನ, ಮೊನೆ ನಿಂತ ಗಳಿಗೆಯಲ್ಲೇ ಪಕ್ಕದ ಕೋಣೆಯ ಟರ್ರ್ ಸದ್ದು ಅವರ ಕಿವಿಗೆ ಬಿತ್ತು. ನಾದಿನಿ ಪೆಡಲು ಒತ್ತಿದ್ದಳು. ಒಂದೇ ಗೋಡೆಯ ಎರಡು ಬದಿಯ ಪ್ಲಗ್ಗುಗಳು, ಒಂದೇ ತಂತಿ. ಹಳೆಯ ಹೊಲಿಗೆ ಮೋಟಾರಿನ ಕಿರಿಕಿರಿಯೆಲ್ಲ ಆ ದಾರಿಯಲ್ಲಿ ಬಂದು ಲ್ಯಾಪ್‌ಟಾಪಿನ ಮಾತನ್ನು ಯಂತ್ರಕ್ಕೆ ಮುಟ್ಟದಂತೆ ಮಾಡುತ್ತಿತ್ತು.

ಕಳ್ಳ ಸಿಕ್ಕ ಸಂತೋಷದಲ್ಲಿ ಅತ್ತಿಗೆ ಬಾಗಿಲಿಗೆ ಬಂದು ಕೂಗಿದರು: “ಸಿಕ್ತು ಕಣೆ! ನೀನು ಬಂದಾಗಿಂದ ಇದಕ್ಕೆ ಹೀಗಾಗಿರೋದು! ನಿಂದು ಓಡಿದಾಗಲೆಲ್ಲ ನಂದು ನಿಲ್ತದೆ!”

ನಾದಿನಿಯ ಕೈಯ ರವಿಕೆ ಜಾರಿತು. ಯಾವ ಮಾತನ್ನು ದಿನವೂ ನಿರೀಕ್ಷಿಸುತ್ತಿದ್ದಳೋ ಅದು ಬಂದೇಬಿಟ್ಟಿತ್ತು. ಎದ್ದು ಈಚೆ ಬಂದಳು. ಯಂತ್ರದ ಮೇಲಿದ್ದ ಹಲಗೆಯನ್ನು ಕಂಡು ಅಲ್ಲೇ ನಿಂತಳು. ಅದು ಅಣ್ಣ ಕಾದಿಟ್ಟಿದ್ದ ಕೊನೆಯ ತೇಗದ ಹಲಗೆ. ಅದರ ಮೇಲಿನ ಸಾಲಿನಲ್ಲಿ ‘ಮರದ ಕೆಲಸ’ ಎಂದಿತ್ತು. ಕೆಳಗಿನ ಸಾಲು ಒಂದೇ ಅಕ್ಷರಕ್ಕೆ ನಿಂತಿತ್ತು: ‘ಹೊ’.

ಹೊರಡು, ಎಂದು ಅವಳ ಮನಸ್ಸು ಉಳಿದದ್ದನ್ನು ತಾನೇ ಬರೆದುಕೊಂಡಿತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಳ್ಳುವವರಿಗೆ ಅರ್ಧ ಅಕ್ಷರವೂ ಸಾಕು.

“ನಾನು ನಾಳೆನೇ...” ಎಂದು ಬಾಯಿ ತೆರೆದಳು.

“ನಾಳೆ ಯಾಕೆ? ಈಗಲೇ ಆಗಿಹೋಗ್ಲಿ,” ಎನ್ನುತ್ತ ಅತ್ತಿಗೆ ಮಂಡಿಯೂರಿ ಮೇಜಿನ ಕೆಳಗೆ ತೂರಿದರು. ಯಂತ್ರದ ತಂತಿಯನ್ನು ಎದುರು ಗೋಡೆಯ ಪ್ಲಗ್ಗಿಗೆ ಎಳೆಯುವುದು ಅವರ ಲೆಕ್ಕ. ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಅವರಿಗೆ ತೋಚಲಿಲ್ಲ. “ಹಾಂ, ಹಾಕಿದೆ. ಈಗ ಅದಕ್ಕೆ ತಾನೆಲ್ಲಿದೀನಿ ಅಂತ ಮರೆತುಹೋಗಿರ್ತದೆ. ತವರಿಗೆ ಕಳಿಸು ನೋಡೋಣ.”

ನಾದಿನಿ ಒತ್ತಿದಳು. ಮೊನೆ ಮೇಲೆದ್ದು, ನಿಧಾನವಾಗಿ ಮೂಲೆಗೆ ಸರಿದು, ಟಕ್ ಟಕ್ ಎಂದು ನಿಂತಿತು.

“ಈಗ ಮನೆ ಒತ್ತು. ಆಮೇಲೆ ಶುರು. ಮೊದಲಿಂದ ಹೋಗ್ಲಿ, ಕೊರೆದ ಹಾದೀಲೇ ಮತ್ತೆ ನಡೆದ್ರೆ ನಷ್ಟ ಇಲ್ಲ.”

ಎರಡು ಗುಂಡಿಗಳಲ್ಲಿ ‘ಮನೆ’ ಇತ್ತು. ನೀರು ತುಂಬಿದ ಕಣ್ಣಿಗೆ ‘ಗಂಡನ ಮನೆಗೆ’ ಎಂಬುದು ಬೇಡವಾಗಿ ಕಂಡಿತೋ ಏನೋ, ನಾದಿನಿಯ ಬೆರಳು ‘ಇದೇ ಮನೆ’ಯನ್ನು ಒತ್ತಿತು. ಬಳಿಕ ‘ಶುರು’.

ಮೊನೆ ಹಲಗೆಯತ್ತ ಹೋಗಲಿಲ್ಲ. ತನ್ನ ಮೂಲೆಯಲ್ಲೇ ಇಳಿದು ಬರಿಯ ಗಾಳಿಯಲ್ಲಿ ಶ್ರದ್ಧೆಯಿಂದ ಬರೆಯತೊಡಗಿತು: ‘ಮ’. ಆಮೇಲೆ ‘ರ’. ಮುಂದಿನ ಅಕ್ಷರಕ್ಕೆ ಹಲಗೆಯ ಅಂಚು ಸಿಗುವಂತಿತ್ತು.

“ಅತ್ತಿಗೇ! ಅಣ್ಣನ ಹಲಗೆ!”

ಅರವತ್ತರ ಹತ್ತಿರದ ಮೈ ಅಷ್ಟು ಬೇಗ ಮೇಜಿನಡಿಯಿಂದ ಹೊರಬಂದದ್ದು ಅದೇ ಮೊದಲು. ತಲೆ ಹೊಡೆಸಿಕೊಂಡರು, ಆದರೂ ಯಂತ್ರ ನಿಲ್ಲಿಸುವ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದರು. ಮೊನೆ ಹಲಗೆಯ ಅಂಚಿನ ಹೊಸ್ತಿಲಲ್ಲಿ ನಿಂತಿತು.

ಅತ್ತಿಗೆ ಪರದೆ ನೋಡಿದರು. ಮೂಲೆ ನೋಡಿದರು. ಹಣೆ ಉಜ್ಜಿಕೊಳ್ಳುತ್ತ ನಗತೊಡಗಿದರು. “ಏನೇ ಮಹಾರಾಯ್ತಿ, ತವರನ್ನೇ ಮನೆ ಅಂದ್ಬಿಟ್ಟೆಯಲ್ಲ!”

“ತಪ್ಪಾಯ್ತು ಅತ್ತಿಗೆ. ಹೇಗೂ ಹೊರಡೋಳು, ಇದನ್ನೂ ಕೆಡಿಸಿ...”

“ಹೊರಡೋದಾ? ಎಲ್ಲಿಗೆ?”

ನಾದಿನಿ ಹಲಗೆಯತ್ತ ಬೆರಳು ತೋರಿಸಿದಳು. ‘ಹೊ’ವನ್ನೂ ಅವಳ ಮುಖವನ್ನೂ ಅತ್ತಿಗೆ ಎರಡೆರಡು ಸಲ ನೋಡಿದರು. ಅವರ ನಗು ನಿಂತಿತು.

“ಅಕ್ಷರ ಬಲ್ಲವಳಲ್ವೇನೆ ನೀನು? ಅದು ಹೊಲಿಗೆ. ಬಾಗಿಲಿಗೆ ಹಾಕೋ ಬೋರ್ಡು. ನಿನ್ನ ಗಿರಾಕಿಗಳು ನನ್ನ ಬಾಗಿಲು ತಟ್ಟಿ ‘ಟೈಲರಮ್ಮ ಇದಾರಾ’ ಅಂತ ಕೇಳಿ ಕೇಳಿ ಸಾಕಾಗಿದೆ ನಂಗೆ.” ಪರದೆಯ ಗುಂಡಿಯತ್ತ ಮತ್ತೊಮ್ಮೆ ನೋಡಿ, “ನೀನು ಒತ್ತಿದ್ದು ತಪ್ಪಲ್ಲ ಬಿಡು,” ಎಂದರು. “ಯಂತ್ರಕ್ಕೆ ತಪ್ಪು. ನಿಂಗೆ ಅದೇ ಸರಿ.”

ಆದರೆ ಹಲಗೆಯ ಸೊನ್ನೆ ಕಳೆದುಹೋಗಿತ್ತು. ಕೂದಲೆಳೆಯಷ್ಟು ಆಚೀಚೆಯಾದರೂ ಕೊರೆದ ಅಕ್ಷರಗಳು ಎರಡೆರಡಾಗಿ ಮೂಡಿ ಹಾಳಾಗುತ್ತಿದ್ದವು. ಅತ್ತಿಗೆ ಯಾವ ಹಲಗೆಯಲ್ಲಾದರೂ ಕೆಲಸಕ್ಕೆ ಮೊದಲು ಸೊನ್ನೆಯ ಜಾಗದಲ್ಲಿ ಮೊನೆಯಿಂದ ಸಾಸಿವೆಯಂಥ ಒಂದು ಚುಕ್ಕೆ ಚುಚ್ಚಿಡುತ್ತಿದ್ದರು. ಅದನ್ನು ಹುಡುಕಬೇಕು, ಆದರೆ ತೇಗದ ನರಗಳ ನಡುವೆ ಅದು ಅವರ ಕಣ್ಣಿಗೆ ಕಾಣದು.

ಸೂಜಿಗೆ ದಾರ ಪೋಣಿಸುವ ಕಣ್ಣು ನಾದಿನಿಯದು. ಅವಳು ಹಲಗೆಯ ಮೇಲೆ ಬಾಗಿ, “ಎಡಕ್ಕೆ. ಇನ್ನೊಂಚೂರು. ಅಯ್ಯೋ, ಜಾಸ್ತಿ ಆಯ್ತು, ವಾಪಸ್ ಬನ್ನಿ,” ಎನ್ನುತ್ತ ಹೋದಳು. ಅತ್ತಿಗೆ ಮರುಮಾತಿಲ್ಲದೆ ಬಾಣದ ಗುಂಡಿಗಳನ್ನು ಒತ್ತುತ್ತ ಹೋದರು. ಮೊನೆ ಚುಕ್ಕೆಯ ಮೇಲೆ ಬಂದು ನಿಂತಾಗ ಅತ್ತಿಗೆ ಕುರ್ಚಿ ಬಿಟ್ಟೆದ್ದರು.

“ಈಗ ನೀನೇ ಒತ್ತು. ಇದೇ ಮನೆ.”

ಮೊನೆ ಕೊರೆದ ಹಾದಿಯಲ್ಲೇ ಎಲ್ಲಿಯೂ ಎಡವದೆ ನಡೆದು, ‘ಹೊ’ವನ್ನು ದಾಟಿ, ‘ಲಿ’ಗೆ ಇಳಿಯಿತು. ಅಷ್ಟರಲ್ಲಿ ಅತ್ತಿಗೆ ಪಕ್ಕದ ಕೋಣೆಗೆ ಹೋಗಿ ಹೊಲಿಗೆ ಯಂತ್ರದ ಪೆಡಲನ್ನು ತಾವೇ ಒತ್ತಿದರು, ಪರೀಕ್ಷಿಸಲೆಂದು. ಟರ್ರ್ ಎಂದು ಅದೂ ಓಡಿತು. ಇದೂ ಓಡಿತು. ರವಿಕೆಯ ತೋಳಿನ ಮೇಲೆ ಸೊಟ್ಟ ಹೊಲಿಗೆಯೊಂದು ಬಿತ್ತು. ಅದನ್ನು ಬಿಚ್ಚುತ್ತ ನಾದಿನಿ ಸಂಜೆಯವರೆಗೂ ಅತ್ತಿಗೆಯನ್ನು ಬೈದಳು. ಆ ಮನೆಯಲ್ಲಿ ಅವಳು ದನಿಯೆತ್ತಿದ್ದು ಅಂದೇ ಮೊದಲು. ಮಂಚದ ಕೆಳಗಿನ ಪೆಟ್ಟಿಗೆಯಿಂದ ಸೀರೆಗಳು ಕಪಾಟಿಗೆ ಏರಿದವು. ಪೆಟ್ಟಿಗೆಗೆ ದಾರದ ಉಂಡೆಗಳು ಇಳಿದವು.

ಸೊನ್ನೆ ಅತ್ತಿಗೆ ಬಿಟ್ಟುಹೋದದ್ದು: ಮಗ, ಸೊಸೆ, ಮೂಲೆಯಲ್ಲಿ ಇನ್ನೂ ಚುರುಕಾಗಿರುವ ಒಂದು ಯಂತ್ರ, ಅದರ ಪಕ್ಕದ ಡಬ್ಬಿಯಲ್ಲಿ ಮೊಂಡಾದ, ಮುರಿದ, ಆದರೂ ಎಸೆಯಲು ಮನಸ್ಸಾಗದ ಮೊನೆಗಳು, ಎದುರು ಗೋಡೆಯವರೆಗೆ ಎಳೆದ ಉದ್ದನೆಯ ತಂತಿ, ಅದನ್ನು ಎಡವಿದವರೆಲ್ಲ ತಿಂದ ಬೈಗುಳ, ಯಾರೂ ಹೆಸರು ಬದಲಿಸದ ಮೂರು ಗುಂಡಿಗಳು, ಬಾಗಿಲ ಮೇಲೆ ಎರಡು ಸಾಲಿನ ತೇಗದ ಹಲಗೆ, ಮತ್ತು ಆ ಬಾಗಿಲು ತಟ್ಟಿ ಅಳತೆ ಹೇಳುವವರನ್ನು ಕನ್ನಡಕದ ಮೇಲಿನಿಂದ ನೋಡಿ, “ಯಾವ ಸೊನ್ನೆಯಿಂದ?” ಎಂದು ಕೇಳುವ ಒಬ್ಬ ನಾದಿನಿ.