ಕೆಂಪು ರಸ್ತೆ ಇಲ್ಲದ ಊರು

ದಾರಿ ತೋರಿಸುವ ಫೋನು ಇನ್ನೂ ಕೈಗೆ ಬಾರದ ಆ ದಿನಗಳಲ್ಲಿ ಬಹ್ರೈನಿನ ನಮ್ಮಂಥ ಮನೆಗಳಿಗೆ ವಿಳಾಸ ಅಂದರೆ ಕೋಲ್ಡ್ ಸ್ಟೋರ್. ಮೂಲೆಯ ಕಿರಾಣಿ ಅಂಗಡಿಗೆ ಅಲ್ಲಿ ಹಾಗೇ ಹೆಸರು. "ಜಿಂಜ್ ಏರಿಯಾದಲ್ಲಿ ಕೋಲ್ಡ್ ಸ್ಟೋರ್ ದಾಟಿ ಎಡಕ್ಕೆ, ಖುಬೂಸ್ ರೊಟ್ಟಿ ಸುಡುವ ವಾಸನೆ ಬಂದಲ್ಲಿ ಮೇಲಿನ ಮಹಡಿ" ಅಂದರೆ ಸಾಕು, ನೆಂಟರು ಸೀದಾ ನಮ್ಮ ಬಾಗಿಲಿಗೆ ಬರುತ್ತಿದ್ದರು.

ಆರನೇ ಕ್ಲಾಸಿನಲ್ಲಿ ನಮ್ಮ ಟೀಚರ್ ಒಂದು ದಿನ ಪ್ರಾಚೀನ ರೋಮನ್ನರ ನಕ್ಷೆಯ ಚಿತ್ರ ತಂದು ಬೋರ್ಡಿನ ಉದ್ದಕ್ಕೂ ಅಂಟಿಸಿದರು. ನಾನು ಬೆಚ್ಚಿಬಿದ್ದೆ. ಜಗತ್ತು ಒಗೆದು ಹಿಂಡಿದ ಲುಂಗಿಯ ಹಾಗೆ ಉದ್ದಕ್ಕೆ ಎಳೆದುಹೋಗಿತ್ತು. ಸಮುದ್ರಗಳು ಚರಂಡಿಯಷ್ಟೇ ಸಪೂರ. ರೋಮ್ ರಾಣಿಯಂತೆ ಕೂತಿತ್ತು. ಅಲ್ಲಿಂದ ಹೊರಟ ಕೆಂಪು ರಸ್ತೆಗಳು ಊರಿಂದೂರಿಗೆ ಹಬ್ಬಿದ್ದವು. ನಮ್ಮ ಇಂಡಿಯಾ ಬಲಗಡೆಯ ಕೊನೆಯಲ್ಲಿ, ಇನ್ನೇನು ಕಾಗದದಿಂದ ಬೀಳುವಂತಿತ್ತು. ಇಷ್ಟು ದೊಡ್ಡ ದೇಶವನ್ನು ಮೂಲೆಗೆ ತಳ್ಳಿದ್ದಾರಲ್ಲ ಅಂತ ನನಗೆ ಸಿಟ್ಟೇ ಬಂತು.

"ಅವರಿಗೆ ಬೇಕಾದದ್ದು ಆಕಾರ ಅಲ್ಲ, ದಾರಿ," ಅಂದರು ಟೀಚರ್. "ನೀವು ಬಲ್ಲ ಜಗತ್ತನ್ನು ಹೀಗೇ ಬರೆದು ತನ್ನಿ."

ಶುಕ್ರವಾರ ಚರ್ಚಿನಿಂದ ಬಂದ ಮೇಲೆ ಪಪ್ಪ ಉದ್ದದ ಕಾಗದದ ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿದರು. ಅವರು ತರಕಾರಿ ಗಾಡಿಯ ಡ್ರೈವರ್. ರಸ್ತೆಗಳು ಅವರಿಗೆ ಬಾಯಿಪಾಠ. ಅಡುಗೆಮನೆಯಲ್ಲಿ ಮಮ್ಮಿ ಬಂಗುಡೆ ಮೀನು ಕಾಯಿಸುತ್ತಿದ್ದಳು.

"ಇಲ್ಲಿ ಮಾಹೂಝ್, ಮಮ್ಮಿ ಕೆಲಸಕ್ಕೆ ಹೋಗುವ ಕ್ಲಿನಿಕ್ಕು. ಬುದಯ್ಯದ ತರಕಾರಿ ತೋಟ ಬಿಡ್ಬೇಡ ಆಯ್ತಾ, ನಮ್ಮ ಅನ್ನ ಅಲ್ಲಿಂದ ಬರುವುದು," ಅಂದರು ಪಪ್ಪ.

ಮನೆಯನ್ನು ರೋಮಿನ ಜಾಗದಲ್ಲಿ ಕೂರಿಸಿ ಕೆಂಪು ಗೆರೆಗಳನ್ನು ಎಳೆದೆ. ಕೊನೆಗೆ ಸೌದಿಗೆ ಹೋಗುವ ಸಮುದ್ರದ ಸೇತುವೆ. ಅಲ್ಲಿಗೆ ನನ್ನ ಜಗತ್ತು ಮುಗಿಯಿತು.

ಮಮ್ಮಿ ಕೈ ಒರೆಸುತ್ತಾ ಬಂದು ಬಗ್ಗಿ ನೋಡಿದಳು. "ಚಂದ ಉಂಟು. ಶಿರ್ವ ಎಲ್ಲಿ?"

ಶಿರ್ವ ಅಂದರೆ ಇಂಡಿಯಾದ ನಮ್ಮ ಊರು, ಅಜ್ಜಿಯ ಮನೆ.

"ಅಲ್ಲಿಗೆ ರೋಡ್ ಇಲ್ವಲ್ಲ ಮಮ್ಮಿ. ಫ್ಲೈಟ್ ಮಾತ್ರ."

ಪಪ್ಪ ನಕ್ಕರು. ಮಮ್ಮಿ ನಗಲಿಲ್ಲ. "ಇವಳಿಗೆ ಇನ್ನೂ ಹೇಳ್ಲಿಲ್ವಾ ನೀವು?"

ಪಪ್ಪ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದರು. "ಪರೀಕ್ಷೆ ಮುಗಿದ ಮೇಲೆ ನೀನು ಅಜ್ಜಿಯ ಹತ್ರ ಹೋಗುವುದು ಮಗಾ. ಇನ್ನು ಶಾಲೆ ಅಲ್ಲೇ. ಇಲ್ಲಿಯ ಫೀಸು ನಮಗೆ ಎಟುಕುವುದಿಲ್ಲ."

"ವಾಪಸ್ ಯಾವಾಗ?"

ಪಪ್ಪ ಕಾಗದದ ಸುರುಳಿ ಸುತ್ತತೊಡಗಿದರು. ಊರೆಂದರೆ ನನಗೆ ರಜೆ, ಹಲಸಿನ ಹಣ್ಣು, ಸೊಳ್ಳೆ. ಅಲ್ಲಿ ಬದುಕುವುದೂ ಉಂಟು ಅಂತ ಕನಸಿನಲ್ಲೂ ಎಣಿಸಿರಲಿಲ್ಲ. ಒಲೆಯ ಮೇಲಿದ್ದ ಬಂಗುಡೆ ಸೀದುಹೋಯಿತು, ಯಾರೂ ಏಳಲಿಲ್ಲ.

ಅಜ್ಜಿ ನನ್ನನ್ನು ಚೆನ್ನಾಗಿಯೇ ಸಾಕಿದಳು. ಕೆಲವು ವರ್ಷಗಳ ನಂತರ ಪಪ್ಪ, ಮಮ್ಮಿಯೂ ಕೆಲಸ ಬಿಟ್ಟು ಊರಿಗೆ ಬಂದರು. ಅಲ್ಲಿಗೆ ಬಹ್ರೈನಿನಲ್ಲಿ ನಮ್ಮದು ಅಂತ ಏನೂ ಉಳಿಯಲಿಲ್ಲ; ಒಂದು ಬಾಡಿಗೆ ಬಾಗಿಲೂ ಇಲ್ಲ.

ಮೊನ್ನೆ ಮೊನ್ನೆ, ಮದುವೆಯಾಗಿ ಮಕ್ಕಳಾದ ಮೇಲೆ, ವಿಸಿಟ್ ವೀಸಾ ಹಿಡಿದು ಅಲ್ಲಿಗೆ ಹೋಗಿದ್ದೆ. ಏರ್‌ಪೋರ್ಟಿನ ಕೌಂಟರಿನಲ್ಲಿದ್ದ ಹುಡುಗ ಪಾಸ್‌ಪೋರ್ಟ್ ತಿರುವುತ್ತಾ, ಮೊದಲ ಸಲ ಬರುವುದಾ ಅಂತ ಕೇಳಿದ. ನಾನು ಹುಟ್ಟಿದ್ದೇ ಇಲ್ಲಿ ಅಂದೆ. ಅವನು ಮರ್ಯಾದೆಯಿಂದ ನಕ್ಕು, ಎರಡು ವಾರ ಇರಬಹುದು ಅಂತ ಮುದ್ರೆ ಒತ್ತಿ ಕೊಟ್ಟ.